ಅಚ್ಚುಚಿತ್ರದ ಎಣಿಕೆ: ಕೃಷ್ಣ ರೆಡ್ಡಿಯವರ ಕೃತಿಗಳೂ ಸಂಗ್ರಾಹಕನ ಧರ್ಮವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬೀ ಊರುಗಳು ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಒಂದೇ ಸೀಮೆಗೆ ಸೇರಿದವು. ಜಮಖಂಡಿ ಮುಧೋಳಗಳು ೧೯೪೮ರವರೆಗೆ ಸಂಸ್ಥಾನಗಳ ರಾಜಧಾನಿಗಳಾಗಿದ್ದುವು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ರಚಿತವಾದಂದಿನಿಂದ ಇವೆಲ್ಲವೂ ಆ ಜಿಲ್ಲೆಗೆ ಒಳಪಟ್ಟಿವೆ. ಈ ಸೀಮೆಯ ಗೃಹಸ್ಥರ ಗೋಡೆಗಳ ಮೇಲೆ ಚಿತ್ರವೆಂಬುದು ಬಹುಮಟ್ಟಿಗೆ ಅಚ್ಚಿನ ಮೂಲಕವೇ ಬಂದಿತು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಲಕ್ಷ್ಮೀಸರಸ್ವತಿಯರು, ತರುವಾಯ ಅಂಗಡಿಗಳು ವರ್ಷಕ್ಕೊಮ್ಮೆ ಹಂಚುವ ಪಂಚಾಂಗದ ಚಿತ್ರಗಳು, ಇವೇ ಸಾಮಾನ್ಯರ ಚಿತ್ರಶಾಲೆಯಾದುವು. ಅವುಗಳಿಗೆ ಎಣಿಕೆಯೆಂಬುದಿರಲಿಲ್ಲ, ಬೇಡಿಕೆಯಿದ್ದಷ್ಟು ಕಾಲ ಅಚ್ಚಾಗುತ್ತಿದ್ದುವು.

ಇಂದು ಇನ್ನೊಂದು ಜಾತಿಯ ಅಚ್ಚುಚಿತ್ರವೂ ಮಾರಾಟಕ್ಕೆ ಬರುತ್ತಿರುವುದು. ಅದರ ಕೆಳಅಂಚಿನಲ್ಲಿ ಸೀಸದಕಡ್ಡಿಯಿಂದ ೭/೫೦ ಎಂಬಂತಹ ಒಂದು ಅಂಕವೂ, ಬಲಬದಿಯಲ್ಲಿ ಚಿತ್ರಕಾರನ ಸಹಿಯೂ ಇರುತ್ತವೆ. ಅದರ ಬೆಲೆಯು ಪಂಚಾಂಗದ ಚಿತ್ರಕ್ಕಿಂತ ಎಷ್ಟೋ ಪಾಲು ಹೆಚ್ಚು. ನೋಡಿದರೆ ಅಲ್ಲಿ ದೇವತೆಯಿಲ್ಲ, ಮನುಷ್ಯನಿಲ್ಲ, ಮರಗಿಡಗಳಿಲ್ಲ. ಬಣ್ಣದ ಅಲೆಗಳೂ ಗೆರೆಗಳೂ ಮಾತ್ರ. ಅಚ್ಚಾದ ವಸ್ತುವಿಗೆ ಇಷ್ಟು ಬೆಲೆ ಏಕೆ? ಆ ಅಂಕದ ಅರ್ಥವೇನು? ಕೊಳ್ಳುವವನು ಏನನ್ನು ಕೊಳ್ಳುತ್ತಾನೆ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು. ನಿದರ್ಶನಕ್ಕಾಗಿ, ಭಾರತೀಯ ಅಚ್ಚುಚಿತ್ರಕಾರರಲ್ಲಿ ಅಗ್ರಗಣ್ಯರಾದ ಕೃಷ್ಣ ರೆಡ್ಡಿಯವರ ಕೃತಿಗಳನ್ನು ಆರಿಸಿಕೊಳ್ಳಲಾಗಿದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಅವರ ಅಚ್ಚುಚಿತ್ರಗಳಿರುವುದರಿಂದ ಕನ್ನಡನಾಡಿನ ಜಿಜ್ಞಾಸುಗಳಿಗೆ ಅವು ಕಣ್ಣಿಗೆ ದೊರೆಯದ ವಸ್ತುಗಳಲ್ಲ.

೧. ಮೂಲ ಅಚ್ಚುಚಿತ್ರದ ಲಕ್ಷಣ

ಅಚ್ಚುಚಿತ್ರಗಳಲ್ಲಿ ಎರಡು ಬಗೆಗಳುಂಟು. ಮೊದಲೇ ಬಣ್ಣದಿಂದ ಬರೆದು ಮುಗಿಸಿದ ಚಿತ್ರವೊಂದರ ಛಾಯೆಯನ್ನು ತೆಗೆದು ಯಂತ್ರದಿಂದ ಮುದ್ರಿಸಿದ್ದು ಒಂದು ಬಗೆ, ಅದು ಪ್ರತಿಕೃತಿ. ಚಿತ್ರಕಾರನು ತಗಡನ್ನೋ ಕಲ್ಲನ್ನೋ ಮರವನ್ನೋ ತಾನೇ ಕೊರೆದು ಸಿದ್ಧಪಡಿಸಿ, ಅದಕ್ಕೆ ಮಸಿಯನ್ನು ತೊಡೆದು, ಕಾಗದವನ್ನು ಅದರ ಮೇಲಿಟ್ಟು ಒತ್ತಿ ತೆಗೆದದ್ದು ಇನ್ನೊಂದು ಬಗೆ; ಅದು ಮೂಲ ಅಚ್ಚುಚಿತ್ರ. ಎರಡನೆಯದರಲ್ಲಿ ಕಾಗದಕ್ಕಿಂತ ಮುಂಚೆ ಬೇರೊಂದು ಚಿತ್ರವಿಲ್ಲವೆಂಬುದು ಮುಖ್ಯವಾಗಿ ಗಮನಿಸತಕ್ಕ ಅಂಶ. ತಗಡಿನಲ್ಲಿರುವುದು ಚಿತ್ರವಲ್ಲ, ಚಿತ್ರದ ಕಾರಣ ಮಾತ್ರ. ಕಾಗದದ ಮೇಲೆ ಮೂಡಿದಾಗಲೇ ಚಿತ್ರದ ಜನನ.

ಈ ಭೇದವು ಶಾಸನಪರಿಶೋಧಕರಿಗೆ ಹೊಸದಲ್ಲ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿರುವ ೧೨ನೆಯ ಶತಮಾನದ ಜಿನಾಲಯಶಾಸನವು ವಿದ್ವಾಂಸರಿಗೆಲ್ಲ ಪರಿಚಿತವಾದುದು. ಅಂತಹ ಕಲ್ಲಿನ ಪಡಿಯಚ್ಚನ್ನು ತೆಗೆಯುವಾಗ ಒದ್ದೆ ಕಾಗದವನ್ನು ಶಿಲೆಗೆ ಹಚ್ಚಿ, ಕುಂಚದಿಂದ ಬಡಿದು ಅಕ್ಷರದ ತಗ್ಗುಗಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತುವರು. ಒಂದು ಕಲ್ಲಿನಿಂದ ಹತ್ತು ಪಡಿಯಚ್ಚುಗಳು ಬಂದರೂ ಹತ್ತೂ ಶಿಲೆಯನ್ನು ಮುಟ್ಟಿ ಬಂದವು. ಒಡೆದ ಅಕ್ಷರದ ನಿರ್ಣಯಕ್ಕೆ ಹತ್ತೂ ಪ್ರಮಾಣ. ಅದೇ ಪಡಿಯಚ್ಚಿನ ಛಾಯಾಚಿತ್ರವನ್ನು ಪುಸ್ತಕದಲ್ಲಿ ಮುದ್ರಿಸಿದರೆ ಅದು ಉಪಕಾರಿಯೇ ಹೊರತು ಶಿಲೆಯನ್ನು ಮುಟ್ಟಿದುದಲ್ಲ. ಮೂಲ ಅಚ್ಚುಚಿತ್ರಕ್ಕೂ ಪ್ರತಿಕೃತಿಗೂ ಇರುವ ಅಂತರವು ಇಷ್ಟೇ, ಮತ್ತು ಇಷ್ಟು ದೊಡ್ಡದು.

ಕೊರೆಯುವ ಮತ್ತು ಅಚ್ಚೊತ್ತುವ ರೀತಿಯನ್ನನುಸರಿಸಿ ಮೂಲ ಅಚ್ಚುಚಿತ್ರಗಳಲ್ಲಿ ನಾಲ್ಕು ಮುಖ್ಯ ಭೇದಗಳನ್ನು ಹೇಳುವರು. ಮರದಚ್ಚಿನಲ್ಲಿ ಉಬ್ಬಿ ಉಳಿದ ಭಾಗವು ಮಸಿಯನ್ನು ಹಿಡಿಯುವುದು. ತಗಡಿನ ಕೊರೆಯಚ್ಚಿನಲ್ಲಿ ಇದಕ್ಕೆ ವಿಪರೀತವಾಗಿ ತಗ್ಗಿನಲ್ಲಿ ಮಸಿಯು ನಿಲ್ಲುವುದು. ತಾಮ್ರಶಾಸನದ ಅಕ್ಷರಗಳೊಳಗೆ ಮಸಿಯನ್ನು ತುಂಬಿ ಮೇಲ್ಮೈಯನ್ನು ಒರೆಸಿ ಕಾಗದವನ್ನು ಒತ್ತಿದರೆ ಆಗುವಂತೆ. ಹೀಗೆ ಕೊರೆಯುವುದಕ್ಕೆ ಉಳಿಯನ್ನಾದರೂ ಬಳಸಬಹುದು, ಎಚಿಂಗ್ ಎಂದು ಕರೆಯುವ ಕ್ರಮದಲ್ಲಿ ಆಮ್ಲವನ್ನಾದರೂ ಬಳಸಬಹುದು. ಕಲ್ಲಚ್ಚಿನಲ್ಲಿ ಉಬ್ಬುತಗ್ಗುಗಳಿಲ್ಲ, ಜಿಡ್ಡಿಗೂ ನೀರಿಗೂ ಇರುವ ವಿರೋಧವೇ ಅಲ್ಲಿ ಸಾಧನ. ರೇಷ್ಮೆಪರದೆಯ ಅಚ್ಚಿನಲ್ಲಿ, ಎಂದರೆ ಸೆರಿಗ್ರಾಫಿನಲ್ಲಿ, ಬಟ್ಟೆಯ ತೆರೆದ ಕಣ್ಣುಗಳ ಮೂಲಕ ಬಣ್ಣವು ಕಾಗದಕ್ಕೆ ಇಳಿಯುವುದು. ರೆಡ್ಡಿಯವರ ಸಾಧನೆಯು ಇವುಗಳಲ್ಲಿ ಎರಡನೆಯದಾದ ಕೊರೆಯಚ್ಚಿನಲ್ಲಿ.

೨. ಕೃಷ್ಣ ರೆಡ್ಡಿಯವರು ಮತ್ತು ಅವರ ವಿಧಾನ

ಕೃಷ್ಣ ರೆಡ್ಡಿಯವರು ೧೯೨೫ರಲ್ಲಿ ಕೋಲಾರಸೀಮೆಗೆ ಹೊಂದಿಕೊಂಡಿರುವ ಚಿತ್ತೂರು ಜಿಲ್ಲೆಯ ನಂದನೂರಿನಲ್ಲಿ ಜನಿಸಿದರು. ಶಾಂತಿನಿಕೇತನದಲ್ಲಿ ನಂದಲಾಲ ಬಸು ಅವರಲ್ಲಿ ಶಿಷ್ಯವೃತ್ತಿಯನ್ನು ನಡೆಸಿ, ಮದರಾಸಿನ ಕಲಾಕ್ಷೇತ್ರದಲ್ಲಿ ಕೆಲಕಾಲ ಚಿತ್ರಕಲೆಯನ್ನು ಕಲಿಸಿ, ಅನಂತರ ಲಂಡನಿಗೂ ಅಲ್ಲಿಂದ ಪ್ಯಾರಿಸಿಗೂ ಹೋದರು. ಲಂಡನಿನ ಸ್ಲೇಡ್ ಶಾಲೆಯಲ್ಲಿ ಹೆನ್ರಿ ಮೂರ್, ಪ್ಯಾರಿಸಿನಲ್ಲಿ ಒಸಿಪ್ ಝಾಡ್ಕಿನ್ ಎಂಬ ಶಿಲ್ಪಿಗಳ ಬಳಿ ಅವರು ಕಲಿತದ್ದು ಶಿಲ್ಪವನ್ನು. ಆದುದರಿಂದ ತಗಡನ್ನು ಅವರು ಬರೆಯುವ ಹಲಗೆಯೆಂದು ಭಾವಿಸದೆ ಕಡೆಯುವ ಶಿಲೆಯೆಂದು ಭಾವಿಸಿದುದು ಸಹಜವೇ ಆಗಿದೆ.

ಪ್ಯಾರಿಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬ ಆಂಗ್ಲ ಚಿತ್ರಕಾರನು ೧೯೨೭ರಲ್ಲಿ ಆರಂಭಿಸಿದ ಒಂದು ಅಚ್ಚಿನ ಕಾರ್ಯಾಗಾರವಿದ್ದಿತು. ಅದು ಇದ್ದ ಮನೆಯ ಸಂಖ್ಯೆಯಿಂದ ಅದಕ್ಕೆ ಅತೆಲಿಯೆ ೧೭ ಎಂಬ ಹೆಸರು ಬಂದಿತು. ಅಲ್ಲಿ ಗುರುಶಿಷ್ಯರೆಂಬ ಭೇದವನ್ನು ಬಹಳವಾಗಿ ಎಣಿಸದೆ ಎಲ್ಲರೂ ಒಂದೆಡೆ ಕುಳಿತು ಪ್ರಯೋಗಗಳನ್ನು ನಡೆಸುತ್ತಿದ್ದರು. ರೆಡ್ಡಿಯವರು ೧೯೫೦ರ ದಶಕದ ಆರಂಭದಲ್ಲಿ ಅಲ್ಲಿ ಸೇರಿ, ಮುಂದಿನ ದಶಕದಲ್ಲಿ ಅದರ ಸಹನಿರ್ದೇಶಕರೂ ಆದರು. ಮುಂಬಯಿಯಿಂದ ಬಂದಿದ್ದ ಕೈಕೊ ಮೋತಿ ಎಂಬ ಚಿತ್ರಕಾರರೊಡನೆ ಅವರು ಅಲ್ಲಿ ಬೆಳಸಿದ ಕ್ರಮವೇ ಸ್ನಿಗ್ಧತೆಯ ಭೇದದಿಂದ ಬಹುವರ್ಣಗಳನ್ನು ಏಕಕಾಲದಲ್ಲಿ ಅಚ್ಚೊತ್ತುವ ಕ್ರಮ. ೧೯೭೨ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ದಶಕದಲ್ಲಿ ಅವರು ನ್ಯೂಯಾರ್ಕಿಗೆ ಹೋಗಿ ನೆಲಸಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, ೨೦೧೮ರ ಆಗಸ್ಟಿನಲ್ಲಿ ದಿವಂಗತರಾದರು.

ಆ ಕ್ರಮದ ತತ್ತ್ವವು ಹೀಗಿದೆ. ಹಿಂದೆ ಬಣ್ಣದ ಅಚ್ಚಿಗೆ ಬಣ್ಣಕ್ಕೊಂದರಂತೆ ತಗಡೋ ಕಲ್ಲೋ ಬೇಕಾಗುತ್ತಿದ್ದಿತು. ಒಂದು ಕಾಗದವು ನಾಲ್ಕೈದು ಸಲ ಯಂತ್ರದ ಕೆಳಗೆ ಹೋಗಬೇಕಾಗುತ್ತಿದ್ದಿತು. ರೆಡ್ಡಿಯವರ ಕ್ರಮದಲ್ಲಿ ತಗಡು ಒಂದೇ, ಒತ್ತುವುದೂ ಒಂದೇ ಸಲ. ತಗಡನ್ನು ಅನೇಕ ಮಟ್ಟಗಳಲ್ಲಿ ಆಳವಾಗಿ ಕಡೆಯುವರು. ಮೊದಲು ಅತ್ಯಂತ ತಗ್ಗಿನ ಗೆರೆಗಳಿಗೆ ಒಂದು ಮಸಿಯನ್ನು ತುಂಬಿ ಮೇಲ್ಮೈಯನ್ನು ಒರೆಸುವರು. ಬಳಿಕ ಗಟ್ಟಿಯಾದ ಉರುಳೆಯಿಂದ ಎಣ್ಣೆ ಹೆಚ್ಚಾದ ತೆಳುಮಸಿಯನ್ನು ಹಚ್ಚುವರು. ಉರುಳೆಯು ಗಟ್ಟಿಯಾದುದರಿಂದ ಮೇಲಿನ ಮಟ್ಟವನ್ನು ಮಾತ್ರ ಮುಟ್ಟುವುದು. ಆಮೇಲೆ ಮೃದುವಾದ ಉರುಳೆಯಿಂದ ಎಣ್ಣೆ ಕಡಮೆಯಾದ ಗಟ್ಟಿಮಸಿಯನ್ನು ಹಚ್ಚುವರು. ಮೃದುವಾದುದರಿಂದ ಅದು ಕೆಳಗಿನ ಮಟ್ಟಗಳಿಗೂ ಇಳಿಯುವುದು. ಎಣ್ಣೆಯ ಪೊರೆಯಿರುವಲ್ಲಿ ಗಟ್ಟಿಮಸಿಯು ಅಂಟಲಾರದು. ಹೀಗೆ ಒಂದರ ಮೇಲೊಂದು ಬಿದ್ದರೂ ಬಣ್ಣಗಳು ಕಲಸಿಹೋಗದೆ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವುವು. ಕೊನೆಗೆ ತೇವಗೊಳಿಸಿದ ಕಾಗದವನ್ನು ಹಾಸಿ ಯಂತ್ರದಿಂದ ಒಮ್ಮೆ ಒತ್ತಿದರೆ ಎಲ್ಲ ಬಣ್ಣಗಳೂ ಏಕಕಾಲದಲ್ಲಿ ಏಳುವುವು.

ಇಲ್ಲಿ ತಿಳಿಯತಕ್ಕ ಸಂಗತಿಯೇನೆಂದರೆ, ಮುಂದಿನ ಪ್ರತಿಗೆ ತಗಡನ್ನು ತೊಳೆದು ಈ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕು. ಮಸಿಯಲ್ಲಿ ನಾಲ್ಕು ಹನಿ ಎಣ್ಣೆ ಹೆಚ್ಚಾದರೆ, ಉರುಳೆಯ ಮೇಲಿನ ಕೈಭಾರವು ಬೇರೆಯಾದರೆ, ಬಣ್ಣವು ಬೇರೆಯಾಗುವುದು. ಆದುದರಿಂದ ೫೦ ಪ್ರತಿಗಳೆಂದರೆ ೫೦ ಸಲದ ಕೈಕೆಲಸ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗ್ಗಕ್ಕೆ ಏರಿಸಿದ ಒಂದು ಹಾಸಿನಿಂದ ಹಲವು ಸೀರೆಗಳು ಇಳಿಯುತ್ತವೆ. ಅಂಚು ಒಂದೇ, ಬಣ್ಣ ಒಂದೇ. ಹಾಗೆಂದು ಮೊದಲನೆಯದು ಸೀರೆ, ಉಳಿದವು ಅದರ ನಕಲು ಎಂದು ಯಾರೂ ಹೇಳುವುದಿಲ್ಲ. ಒಂದೊಂದಕ್ಕೂ ಹೊಕ್ಕನ್ನು ಹೊಸದಾಗಿಯೇ ಹಾಕಬೇಕು; ಹಾಸು ತೀರಿದಲ್ಲಿ ಸೀರೆಯೂ ತೀರಿತು.

೩. ಅಮೂರ್ತತೆಯ ವಿಚಾರ

ರೆಡ್ಡಿಯವರ ಕೃತಿಗಳು ಸಂಪೂರ್ಣವಾಗಿ ರೂಪರಹಿತಗಳೆನ್ನಲಾಗದು. ೧೯೫೨ರ ‘ಮೀನು’, ೧೯೬೩ರ ‘ಸುಳಿ’, ೧೯೬೮ರಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳ ಚಳವಳಿಯನ್ನು ಕಂಡು ಮಾಡಿದ ‘ಪ್ರತಿಭಟನಕಾರರು’, ಬಳಿಕ ಬಂದ ಸರ್ಕಸ್ಸಿನ ವಿದೂಷಕನ ಮಾಲಿಕೆ, ಇವುಗಳಿಗೆಲ್ಲ ಲೋಕದ ವಸ್ತುವೇ ಬೀಜ. ಆದರೆ ಆ ವಸ್ತುವು ಇದ್ದಂತೆಯೇ ಅಲ್ಲಿ ಕಾಣದು. ‘ಸುಳಿ’ಯಲ್ಲಿ ಹೊಳೆಯ ದಡವಿಲ್ಲ, ನೀರಿನ ಆಕಾರವೂ ಇಲ್ಲ, ನಡುವಿನ ಒಂದು ಸ್ಥಾನದ ಸುತ್ತಲೂ ಎಳೆಯಲ್ಪಟ್ಟು ತಿರುಗುವ ಬಲವು ಮಾತ್ರ ಗೆರೆಗಳಾಗಿ ತೋರುವುದು. ಮಹಾಪೂರದ ಕಾಲದಲ್ಲಿ ಕೃಷ್ಣೆಯ ಮಡುವನ್ನು ಕಂಡವರಿಗೆ ಆ ಬಲದ ಅನುಭವವುಂಟು.

ಇಂತಹ ಚಿತ್ರಗಳು ಪಾಶ್ಚಾತ್ಯರ ವಿಚಿತ್ರಬುದ್ಧಿಯ ಫಲವೆಂದು ಕೆಲವರು ಆಕ್ಷೇಪಿಸುವರು. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವನ್ನು ಬಲ್ಲವರು ಈ ಆಕ್ಷೇಪಕ್ಕೆ ಅಂಜಬೇಕಾಗಿಲ್ಲ. ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರುಳ್ಳ ಆ ಗ್ರಂಥದ ಚಿತ್ರಪ್ರಕರಣದಲ್ಲಿ ಕನ್ನಡಿಯೊಳಗಿನ ಬಿಂಬದಂತೆ ಸಾದೃಶ್ಯವುಳ್ಳ ಚಿತ್ರವನ್ನು ವಿದ್ಧವೆಂದೂ, ಆಕಸ್ಮಿಕವಾದ ಕಲ್ಪನೆಯಿಂದ ಹುಟ್ಟಿ ಆಕಾರಮಾತ್ರದಿಂದ ಪೂರ್ಣವಾದುದನ್ನು ಅವಿದ್ಧವೆಂದೂ ವಿಭಾಗಿಸಿದೆ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳನ್ನು ಗಮ್ಯಗೊಳಿಸುವುದು ಭಾವಚಿತ್ರವೆಂದು ಬೇರೊಂದು ಲಕ್ಷಣವನ್ನೂ ಹೇಳಿದೆ. ಸೋಮೇಶ್ವರನ ಮನಸ್ಸಿನಲ್ಲಿ ಇಂದಿನ ಅಮೂರ್ತಚಿತ್ರವಿದ್ದಿತೆಂದು ಇದರಿಂದ ಸಾಧಿಸುವುದು ಅತಿರೇಕವಾದೀತು. ಆದರೆ ಸಾದೃಶ್ಯವೊಂದೇ ಚಿತ್ರದ ಪ್ರಾಣವಲ್ಲವೆಂಬ ತಿಳಿವಳಿಕೆಯು ಈ ಸೀಮೆಯನ್ನಾಳಿದ ಅರಸನ ಗ್ರಂಥದಲ್ಲಿಯೇ ಇರುವುದೆಂಬಷ್ಟು ಮಾತು ನಿಸ್ಸಂದಿಗ್ಧ. ಪ್ರತಿದಿನ ಬೆಳಗಿನಲ್ಲಿ ಅಂಗಳದಲ್ಲಿ ಚುಕ್ಕಿಯಿಟ್ಟು ಎಳೆಯುವ ರಂಗೋಲಿಯೂ ಏನನ್ನಾದರೂ ಹೋಲುವುದರಿಂದ ಚೆಲುವಾದುದಲ್ಲ.

೪. ಎಣಿಕೆಯ ಅರ್ಥ

ಇನ್ನು ಕೆಳಅಂಚಿನ ಅಂಕವನ್ನು ವಿಚಾರಿಸಬಹುದು. ೭/೫೦ ಎಂಬಲ್ಲಿ ಕೆಳಗಿನ ಸಂಖ್ಯೆಯು ಈ ತಗಡಿನಿಂದ ಮಾರಾಟಕ್ಕಾಗಿ ತೆಗೆದ ಪ್ರತಿಗಳ ಒಟ್ಟು ಮೊತ್ತ. ಮೇಲಿನದು ಈ ಪ್ರತಿಯ ಗುರುತು. ಇವಲ್ಲದೆ ಚಿತ್ರಕಾರನು ತನಗಾಗಿ ಕೆಲವು ಪ್ರತಿಗಳನ್ನು ಇಟ್ಟುಕೊಳ್ಳುವ ಸಂಪ್ರದಾಯವುಂಟು. ಅವು ಸಾಮಾನ್ಯವಾಗಿ ಒಟ್ಟಿನ ಹತ್ತರಲ್ಲೊಂದು ಪಾಲನ್ನು ಮೀರುವುದಿಲ್ಲ, ಅವುಗಳ ಮೇಲೆ ಎ. ಪಿ. ಎಂಬ ಅಕ್ಷರಗಳಿರುತ್ತವೆ. ಉಳಿದವುಗಳಿಗೆ ಮಾದರಿಯಾಗಲೆಂದು ಚಿತ್ರಕಾರನು ಒಪ್ಪಿದ ಪ್ರತಿಗೆ ಬಿ. ಎ. ಟಿ. ಎಂಬ ಅಕ್ಷರಗಳನ್ನೂ, ಅಚ್ಚೊತ್ತಿದವನಿಗೆ ಸಲ್ಲುವ ಪ್ರತಿಗೆ ಪಿ. ಪಿ. ಎಂಬ ಅಕ್ಷರಗಳನ್ನೂ ಬರೆಯುವುದುಂಟು. ಮೊತ್ತವು ತೀರಿದ ಮೇಲೆ ತಗಡಿನ ಮೇಲೆ ಅಡ್ಡಗೆರೆಯನ್ನು ಕೊರೆದು ಅದನ್ನು ರದ್ದುಪಡಿಸುವರು.

ಪರಿಮಿತಿಯು ಏತಕ್ಕೆ ಬೇಕು? ಇಲ್ಲಿ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ವಸ್ತುಧರ್ಮ. ಸೂಜಿಯಿಂದ ತಾಮ್ರವನ್ನು ಗೀರಿ ಮಾಡುವ ಒಂದು ಬಗೆಯ ಅಚ್ಚಿನಲ್ಲಿ ಗೀರಿನ ಅಂಚಿಗೆ ಲೋಹದ ನವುರಾದ ಸಿಬಿರು ಏಳುವುದು. ಕೆಲವು ಪ್ರತಿಗಳಾಗುವಷ್ಟರಲ್ಲಿ ಯಂತ್ರದ ಭಾರಕ್ಕೆ ಅದು ಸವೆಯುವುದು. ಅಂತಹ ಕಡೆ ಮೊದಮೊದಲ ಪ್ರತಿಗಳೇ ಶ್ರೇಷ್ಠ. ಇನ್ನೊಂದು ಸಂಕಲ್ಪ. ಆಳವಾಗಿ ಕಡೆದ ತಗಡಾಗಲಿ ರೇಷ್ಮೆಪರದೆಯಾಗಲಿ ೫೦ಕ್ಕೆ ಸವೆಯುವುದಿಲ್ಲ. ಅಲ್ಲಿ ೫೦ ಎಂಬುದು ಚಿತ್ರಕಾರನು ತಾನಾಗಿಯೇ ಹಾಕಿಕೊಂಡ ಎಲ್ಲೆ. ಆದುದರಿಂದ ಅಂತಹ ಕೃತಿಗಳಲ್ಲಿ ೧/೫೦ಕ್ಕೆ ೪೯/೫೦ಕ್ಕಿಂತ ಹೆಚ್ಚಿನ ಬೆಲೆಯನ್ನು ಕೊಡುವುದಕ್ಕೆ ಆಧಾರವಿಲ್ಲ. ಪ್ರತಿಗಳಿಗೆ ಅಂಕವನ್ನು ಹಾಕುವ ಕ್ರಮವು ಅವು ಅಚ್ಚಾದ ಕ್ರಮವೇ ಆಗಿರಬೇಕೆಂಬ ನಿಯಮವೂ ಇಲ್ಲ.

ಎಲ್ಲೆಯನ್ನು ಹಾಕುವುದು ವರ್ತಕರ ಉಪಾಯವಷ್ಟೇ ಎಂಬುದು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಅಚ್ಚುಚಿತ್ರಕ್ಕೆ ಅಂಕವನ್ನು ಹಾಕಿ ಸೀಸದಕಡ್ಡಿಯಿಂದ ಸಹಿಮಾಡುವ ಪದ್ಧತಿಯು ಯುರೋಪಿನಲ್ಲಿ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದು ಬಂದದ್ದು. ೧೭ನೆಯ ಶತಮಾನದ ರೆಂಬ್ರಾಂಟನ ತಗಡುಗಳಿಗೆ ಇಂತಹ ಎಲ್ಲೆಯಿರಲಿಲ್ಲ. ಅವನ ಮರಣಾನಂತರವೂ ಅನ್ಯರು ಅವುಗಳಿಂದ ಪ್ರತಿಗಳನ್ನು ತೆಗೆಯುತ್ತಲೇ ಇದ್ದರು. ಕನ್ನಡಿಗರಿಗೆ ಇನ್ನೊಂದು ಉದಾಹರಣೆಯೂ ನೆನಪಾಗುವುದು. ಮುಧೋಳದ ರನ್ನನಿಗೆ ಆಶ್ರಯವನ್ನಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ೧೦೦೦ ಪ್ರತಿ ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯುಂಟು. ಅಲ್ಲಿ ಸಂಖ್ಯೆಯು ಹೆಚ್ಚಿದಷ್ಟೂ ಪುಣ್ಯ. ಇಲ್ಲಿ ಸಂಖ್ಯೆಯು ಕಡಮೆಯಾದಷ್ಟೂ ಬೆಲೆ. ಹೀಗಿರಲು ಎರಡನೆಯದು ಲೋಭವಲ್ಲವೇ ಎಂದು ಕೇಳಬಹುದು.

ಸಿದ್ಧಾಂತವೇನೆಂದರೆ, ಪರಿಮಿತ ಸಂಖ್ಯೆಯು ಹಂಚುವಿಕೆಗೆ ವಿರೋಧಿಯಲ್ಲ, ಅದರ ಒಂದು ಬಗೆ. ಬಣ್ಣದ ಚಿತ್ರವನ್ನು ಬರೆದರೆ ಅದು ಒಬ್ಬನ ಪಾಲಾಗುವುದು. ಅದರ ಬೆಲೆಯನ್ನು ತೆರಬಲ್ಲವರು ವಿರಳ. ಉದಾಹರಣೆಗೆ ಪ್ಯಾರಿಸಿನಲ್ಲಿ ಬಹುಕಾಲ ನೆಲಸಿದ್ದ ಇನ್ನೊಬ್ಬ ಭಾರತೀಯ ಚಿತ್ರಕಾರರಾದ ಎಸ್. ಎಚ್. ರಝಾ ಅವರ ‘ಸೌರಾಷ್ಟ್ರ’ವೆಂಬ ಚಿತ್ರವು ೨೦೧೦ರಲ್ಲಿ ಲಂಡನಿನ ಹರಾಜಿನಲ್ಲಿ ೧೬ ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟು ಮಾರಾಟವಾಯಿತು. ಅದೇ ಚಿತ್ರಕಾರರ ರೇಷ್ಮೆಪರದೆಯ ಅಚ್ಚುಗಳನ್ನು ಮಧ್ಯಮಸ್ಥಿತಿಯ ಗೃಹಸ್ಥರೂ ಕೊಂಡಿದ್ದಾರೆ. ಒಂದು ತಗಡಿನ ಶ್ರಮದ ಬೆಲೆಯನ್ನು ೫೦ ಜನರು ಹಂಚಿಕೊಂಡಂತಾಯಿತು. ಜಮಖಂಡಿಯ ಒಬ್ಬ ಉಪಾಧ್ಯಾಯನೋ ಬೀಳಗಿಯ ಒಬ್ಬ ವೈದ್ಯನೋ ತನ್ನ ಕಾಲದ ದೊಡ್ಡ ಚಿತ್ರಕಾರನ ಕೈ ಮುಟ್ಟಿದ ಕೃತಿಯೊಂದನ್ನು ಮನೆಯಲ್ಲಿಡಬೇಕೆಂದರೆ ಇದಕ್ಕಿಂತ ಬೇರೆ ದಾರಿಯು ಬಹುಶಃ ಇಲ್ಲ. ಆದರೆ ಈ ಹಂಚಿಕೆಯು ನಿಲ್ಲುವುದು ಒಂದೇ ಆಧಾರದ ಮೇಲೆ: ೫೦ ಎಂದರೆ ೫೦ ಆಗಿರಬೇಕು. ಅಂಕವೆಂಬುದು ಕೊಟ್ಟ ಮಾತು. ಮಾತು ಸುಳ್ಳಾದರೆ ನಷ್ಟವಾಗುವುದು ಧನಿಕನಿಗಲ್ಲ. ಅವನಿಗೆ ಬೇರೆ ಚಿತ್ರಗಳಿವೆ. ಕೂಡಿಟ್ಟ ಹಣದಿಂದ ಒಂದೇ ಒಂದನ್ನು ಕೊಂಡವನಿಗೆ.

೫. ಮೋಸಗಳೂ ಪರೀಕ್ಷೆಯೂ

ಈ ಮಾತು ಹಲವೆಡೆ ಸುಳ್ಳಾಗಿರುವುದುಂಟು. ಸ್ಪೇನಿನ ಸಾಲ್ವಡೋರ್ ಡಾಲಿಯು ಚಿತ್ರವಿನ್ನೂ ಮೂಡದ ಸಾವಿರಾರು ಖಾಲಿ ಹಾಳೆಗಳಿಗೆ ಮುಂಚಿತವಾಗಿ ಸಹಿಮಾಡಿ ಕೊಟ್ಟನು. ೧೯೭೪ರಲ್ಲಿ ಫ್ರಾನ್ಸಿನ ಸುಂಕದ ಅಧಿಕಾರಿಗಳು ಅಂತಹ ಹಾಳೆಗಳ ಒಂದು ದೊಡ್ಡ ಹೊರೆಯನ್ನು ತಡೆದರು. ಆ ಹಾಳೆಗಳ ಮೇಲೆ ಯಾರು ಏನನ್ನು ಮುದ್ರಿಸಿದರೂ ಸಹಿಯು ನಿಜವಾದುದೇ. ಆದುದರಿಂದ ಸಹಿಯೊಂದೇ ಪ್ರಮಾಣವಾಗಲಾರದು. ೨೦೦೯ರಲ್ಲಿ ದೆಹಲಿಯ ಒಂದು ಪ್ರದರ್ಶನಕ್ಕೆ ಹೋದ ರಝಾ ಅವರು ತಮ್ಮ ಹೆಸರಿನಲ್ಲಿ ತೂಗುಹಾಕಿದ್ದ ಚಿತ್ರಗಳಲ್ಲಿ ಹಲವು ತಮ್ಮವಲ್ಲವೆಂದು ಕಂಡುಕೊಂಡರು. ಜೀವಂತನಾದ ಚಿತ್ರಕಾರನ ಕಣ್ಣೆದುರಿಗೇ ಹೀಗಾದರೆ ದಿವಂಗತರ ವಿಷಯದಲ್ಲಿ ಎಷ್ಟು ಎಚ್ಚರವಿರಬೇಕೆಂಬುದು ಸ್ಪಷ್ಟ.

ಇವು ಪ್ರಕಟವಾದ ಮೋಸಗಳು. ಇವಕ್ಕಿಂತ ಸೂಕ್ಷ್ಮವಾದುದು ಇನ್ನೊಂದುಂಟು. ಬಣ್ಣದ ಚಿತ್ರವೊಂದರ ಛಾಯೆಯನ್ನು ತೆಗೆದು, ಮಸಿಯನ್ನು ಸಿಂಪಡಿಸುವ ಗಣಕಯಂತ್ರದಿಂದ ಒಳ್ಳೆಯ ಕಾಗದದ ಮೇಲೆ ಮುದ್ರಿಸಿ, ಅದಕ್ಕೆ ಜಿಕ್ಲೆ ಎಂಬ ಹೆಸರನ್ನೂ ೧೫/೧೦೦ ಎಂಬಂತಹ ಅಂಕವನ್ನೂ ಕೊಡುವ ವಾಡಿಕೆ ಈಗ ವಿಪುಲವಾಗಿದೆ. ಪ್ರತಿಕೃತಿಯೆಂದು ಹೇಳಿ ಮಾರಿದರೆ ಇದರಲ್ಲಿ ದೋಷವಿಲ್ಲ. ಆದರೆ ಮೇಲೆ ನಿರೂಪಿಸಿದ ಲಕ್ಷಣದಂತೆ ಅದು ಮೂಲ ಅಚ್ಚುಚಿತ್ರವಲ್ಲ. ಅಂಕವನ್ನು ಬರೆದ ಮಾತ್ರಕ್ಕೆ ಛಾಯೆಯು ತಗಡನ್ನು ಮುಟ್ಟಿದಂತಾಗದು. ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆಯು “ಎಷ್ಟರಲ್ಲಿ ಎಷ್ಟನೆಯದು” ಎಂದಲ್ಲ, “ಯಾವುದರಿಂದ ಒತ್ತಿದ್ದು” ಎಂದು.

ಪರೀಕ್ಷೆಯ ಕ್ರಮವು ಹೀಗಿರಬಹುದು. ಕೊರೆಯಚ್ಚಿನಲ್ಲಿ ಯಂತ್ರದ ಭಾರದಿಂದ ಚಿತ್ರದ ಸುತ್ತಲೂ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿರಬೇಕು. ಆಳದ ಗೆರೆಗಳ ಮಸಿಯು ಕಾಗದದಿಂದ ಮೇಲಕ್ಕೆದ್ದು ನಿಂತಿರಬೇಕು. ದೀಪವನ್ನು ಓರೆಯಾಗಿ ಹಿಡಿದರೆ ಆ ಉಬ್ಬು ಕಾಣುವುದು. ರೆಡ್ಡಿಯವರ ಕೃತಿಗಳಲ್ಲಿ ಈ ಉಬ್ಬುತಗ್ಗುಗಳು ವಿಶೇಷವಾಗಿ ಸ್ಫುಟ, ಏಕೆಂದರೆ ಅವರ ತಗಡುಗಳು ಶಿಲ್ಪದಂತೆ ಕಡೆದವು. ಭೂತಗನ್ನಡಿಯಿಂದ ನೋಡಿದಾಗ ಹೂವಿನ ಎಸಳಿನಂತೆ ಕ್ರಮಬದ್ಧವಾಗಿ ಜೋಡಿಸಿದ ಚುಕ್ಕಿಗಳು ಕಂಡರೆ ಅದು ಯಂತ್ರದ ಬಹುಮುದ್ರಣ. ಆದರೆ ಚುಕ್ಕಿಗಳು ಕಂಡೊಡನೆ ತಳ್ಳಿಹಾಕಲೂಬಾರದು. ಸ್ನಿಗ್ಧತೆಯ ಕ್ರಮದಲ್ಲಿ ಬಣ್ಣಗಳು ಒಂದರ ಪಕ್ಕದಲ್ಲೊಂದು ಕಣಕಣವಾಗಿ ಬೀಳುವುದುಂಟು. ಆ ಕಣಗಳು ಕ್ರಮವಿಲ್ಲದವು, ತಗಡಿನ ಮಟ್ಟವನ್ನನುಸರಿಸಿ ಬದಲಾಗುವುವು. ಸೀಸದಕಡ್ಡಿಯ ಸಹಿಯು ಓರೆಬೆಳಕಿನಲ್ಲಿ ಬೂದುಬಣ್ಣದಿಂದ ಮಿನುಗುವುದು; ಮುದ್ರಿಸಿದ ಸಹಿಯು ಮಿನುಗದು. ಕಾಗದದ ಅಂಚನ್ನು ಕತ್ತರಿಸಿದ್ದರೆ ಕಾರಣವನ್ನು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೃತಿಯು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಲಿಖಿತ ಪರಂಪರೆಯನ್ನು ಕೇಳಿ ಪಡೆಯಬೇಕು. ದಾನಶಾಸನದಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ಸಾಕ್ಷಿಗಳು ಇರುವಂತೆ ಇಲ್ಲಿಯೂ ಇರಬೇಕು.

ಕೊಂಡ ಮಾತ್ರಕ್ಕೆ ನಕಲು ಮಾಡುವ ಹಕ್ಕು ಬರುವುದಿಲ್ಲವೆಂಬುದನ್ನೂ ತಿಳಿದಿರಬೇಕು. ೧೯೫೭ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕೊರೆಯಚ್ಚು, ಕಲ್ಲಚ್ಚು, ಮರದಚ್ಚುಗಳು ಕಲಾಕೃತಿಗಳೆಂದೇ ಪರಿಗಣಿತವಾಗಿವೆ. ಕರ್ತೃವಿನ ಮರಣಾನಂತರ ೬೦ ವರ್ಷಗಳವರೆಗೆ ಆ ಸ್ವಾಮ್ಯವು ಉಳಿಯುವುದು. ಅದರಂತೆ ರೆಡ್ಡಿಯವರ ಕೃತಿಗಳ ಸ್ವಾಮ್ಯವು ಭಾರತದಲ್ಲಿ ೨೦೭೮ರ ಅಂತ್ಯದವರೆಗೆ ಇರುವುದು.

೬. ಸಂರಕ್ಷಣೆ ಮತ್ತು ದಾಖಲೆ

ಕೊಂಡದ್ದನ್ನು ಕಾಪಾಡುವುದು ಕೊಳ್ಳುವುದಕ್ಕಿಂತ ಕಠಿಣ. ಈ ಸೀಮೆಯ ಬೇಸಗೆಯ ಬಿಸಿಲು ಬಲವಾದುದು. ನೇರವಾದ ಬ��ಸಿಲು ಬಿದ್ದ ಗೋಡೆಯ ಮೇಲಿಟ್ಟ ಚಿತ್ರದ ಬಣ್ಣವು ಕೆಲವೇ ವರ್ಷಗಳಲ್ಲಿ ಮಾಸುವುದು. ಆಲಮಟ್ಟಿಯ ಹಿನ್ನೀರಿಗೆ ಹತ್ತಿರವಾದ ಬೀಳಗಿಯ ಕಡೆಯಲ್ಲಿಯೂ ಹೊಳೆಯ ದಂಡೆಯ ಊರುಗಳಲ್ಲಿಯೂ ಮಳೆಗಾಲದ ತೇವದಿಂದ ಕಾಗದಕ್ಕೆ ಬೂಷ್ಟು ಹಿಡಿಯುವ ಭಯವುಂಟು. ಹೊರಗೋಡೆಗೆ ತಗುಲಿಸದೆ ಒಳಗೋಡೆಗೆ ತಗುಲಿಸುವುದು ಮೇಲು. ಮಗ್ಗಗಳಿರುವ ಬೀದಿಗಳಲ್ಲಿ ಹತ್ತಿಯ ಧೂಳು ಚೌಕಟ್ಟಿನ ಸಂದುಗಳಲ್ಲಿ ನುಗ್ಗದಂತೆ ಹಿಂಬದಿಯನ್ನು ಮುಚ್ಚಬೇಕು. ಗೆದ್ದಲಿನ ವಿಷಯವನ್ನು ಹೇಳಬೇಕಾದುದೇ ಇಲ್ಲ. ಗಾಜು ಕಾಗದವನ್ನು ಮುಟ್ಟದಂತೆ ನಡುವೆ ಆಮ್ಲರಹಿತವಾದ ದಪ್ಪಕಾಗದದ ಅಂಚುಪಟ್ಟಿ ಇರತಕ್ಕದ್ದು. ಚಿತ್ರವನ್ನು ಹಲಗೆಗೆ ಅಂಟಿನಿಂದ ಮೆತ್ತುವುದು ಮಹಾದೋಷ. ಮೇಲಂಚಿನಲ್ಲಿ ಎರಡು ಸಣ್ಣ ಕಾಗದದ ಪಟ್ಟಿಗಳನ್ನು ಗೋದಿಯ ಗಂಜಿಯಿಂದ ಅಂಟಿಸಿ ತೂಗುಬಿಟ್ಟರೆ ಸಾಕು. ಬೇಕಾದಾಗ ನೀರಿನ ಪಸೆಯಿಂದ ಅದನ್ನು ಬಿಡಿಸಬಹುದು.

ಇವುಗಳೊಡನೆ ಒಂದು ದಾಖಲೆಯ ಪುಸ್ತಕವನ್ನು ಇಡುವುದು ಅತ್ಯಾವಶ್ಯಕ. ಕೃತಿಯ ಹೆಸರು, ತಗಡನ್ನು ಕಡೆದ ವರ್ಷ, ಅಚ್ಚಿನ ಬಗೆ, ಅಂಕ, ಚಿತ್ರದ ಮತ್ತು ಕಾಗದದ ಅಳತೆ, ಕೊಂಡ ದಿನ, ಕೊಟ್ಟವರ ಹೆಸರು, ಕೊಳ್ಳುವಾಗಲೇ ಇದ್ದ ಕಲೆಗಳು ಅಥವಾ ಹರುಕುಗಳು, ಇಷ್ಟನ್ನು ಬರೆದಿಟ್ಟರೆ ಸಾಕು. ರಸೀತಿಯನ್ನೂ ಪತ್ರಗಳನ್ನೂ ಅದರಲ್ಲಿಯೇ ಸೇರಿಸಿಡಬೇಕು. ಮನೆಯ ಮಕ್ಕಳಿಗೆ ಆ ಪುಸ್ತಕವಿರುವುದು ತಿಳಿದಿರಬೇಕು.

ಇದು ಸಣ್ಣ ಮಾತೆಂದು ತೋರಬಹುದು. ಕನ್ನಡನಾಡಿನ ಓಲೆಗರಿಗಳ ಗತಿಯನ್ನು ಬಲ್ಲವರಿಗೆ ಹಾಗೆ ತೋರದು. ಅಟ್ಟದ ಮೇಲಿನ ಕಟ್ಟು ಯಾವ ಗ್ರಂಥವೆಂದು ಮೊಮ್ಮಕ್ಕಳಿಗೆ ತಿಳಿಯದೆ ಹೊಳೆಗೆ ಹೋದುವು ಎಷ್ಟೋ; ತಾಮ್ರದ ತೂಕಕ್ಕೆ ಕಂಚುಗಾರನ ಕುಲುಮೆಗೆ ಬಿದ್ದ ಶಾಸನಗಳು ಎಷ್ಟೋ. ಅವುಗಳಲ್ಲಿ ದೋಷವೇನೂ ಇರಲಿಲ್ಲ. ಇವು ಏನೆಂದು ಹೇಳುವ ಒಂದು ಚೀಟಿಯು ಮಾತ್ರ ಇರಲಿಲ್ಲ. ಅಮೂರ್ತವಾದ ಅಚ್ಚುಚಿತ್ರಕ್ಕೆ ಈ ಅಪಾಯವು ಇನ್ನೂ ಹೆಚ್ಚು. ಲಕ್ಷ್ಮಿಯ ಚಿತ್ರವನ್ನು ತಿಳಿಯದವನೂ ಕಸಕ್ಕೆ ಹಾಕಲಾರನು; ಬಣ್ಣದ ಅಲೆಗಳ ಹಾಳೆಯನ್ನು ಹಾಕಬಹುದು.

ಒಬ್ಬೊಬ್ಬರಿಂದ ಆಗದುದನ್ನು ಸಂಸ್ಥೆಗಳು ಮಾಡಬಹುದು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಸಂಗ್ರಹವಲ್ಲದೆ ೨೦೦೯ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವೂ ಇರುವುದು. ಆದರೆ ಅವು ಈ ನಾಲ್ಕೂರುಗಳ ವಿದ್ಯಾರ್ಥಿಗಳಿಗೆ ದೂರ. ಇದೇ ಜಿಲ್ಲೆಯ ಬಾದಾಮಿಯಲ್ಲಿ ಹುಟ್ಟಿದ ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಎಷ್ಟೋ ಚಿತ್ರಕಾರರನ್ನು ತಯಾರಿಸಿದರು. ಆಧುನಿಕ ಚಿತ್ರಕಲೆಯು ಈ ಸೀಮೆಯ ಮಣ್ಣಿಗೆ ಹೊರಗಿನದೆಂದು ಹೇಳುವಂತಿಲ್ಲ. ಮಹಾವಿದ್ಯಾಲಯಗಳೂ ವಾಚನಾಲಯಗಳೂ ನೇಕಾರರ ಸಂಘಗಳೂ ವರ್ಷಕ್ಕೊಂದರಂತೆ ಮೂಲ ಅಚ್ಚುಚಿತ್ರವನ್ನು ಪರೀಕ್ಷಿಸಿ ಕೊಂಡು, ದಾಖಲೆಯೊಡನೆ ಸಾರ್ವಜನಿಕರ ದರ್ಶನಕ್ಕೆ ಇಟ್ಟರೆ ಹತ್ತು ವರ್ಷಗಳಲ್ಲಿ ಒಂದು ಸಂಗ್ರಹವಾಗುವುದು. ತಗಡಿನ ಉಬ್ಬುತಗ್ಗುಗಳು ಕಾಗದದಲ್ಲಿ ಹೇಗೆ ಮೂಡಿವೆಯೆಂಬುದನ್ನು ಹುಡುಗರು ಕಣ್ಣಾರೆ ಕಂಡರೆ, ನಾಳೆ ಅಂಕವನ್ನು ತೋರಿಸಿ ಛಾಯೆಯನ್ನು ಮಾರಲು ಬಂದವನಿಗೆ ಅವರೇ ತಕ್ಕ ಪ್ರಶ್ನೆಯನ್ನು ಕೇಳುವರು.